ತಾಯಿಗಾಗಿ ಮಿಡಿದ ಎಳೆಯ ಜೀವ: ಪುನೀತೆ ಲಾರಾ ವಿಕುನ್ಯಾ

ಜನವರಿ 22 ಪುನೀತೆ ಲಾರಾ ವಿಕುನ್ಯಾಳ ಸ್ಮರಣೆಯ ದಿನ. ಸಂತ ಡಾನ್ ಬಾಸ್ಕೊರವರ ಆಧ್ಯಾತ್ಮಿಕ ಕುಟುಂಬಕ್ಕೆ ಸೇರಿದ ಗುರುಗಳೂ ಧರ್ಮಭಗಿನಿಯರೂ ಪ್ರತಿವರ್ಷ ಆ ದಿನವನ್ನು ಭಕ್ತಿಯಿಂದ ಆಚರಿಸುತ್ತಾರೆ. ಹನ್ನೆರಡು ವರ್ಷ ಒಂಬತ್ತು ತಿಂಗಳು ಮಾತ್ರ ಬಾಳಿದ ಈ ಬಾಲಕಿಯ ಹೆಸರನ್ನು ಕಾನ್ವೆಂಟ್ ಶಾಲೆಗಳಲ್ಲಿ ಕಲಿತ ಎಷ್ಟೋ ಮಂದಿ ಕೇಳಿರುತ್ತಾರೆ. ಧರ್ಮೋಪದೇಶದ ತರಗತಿಗಳಲ್ಲಿ ಆಕೆಯನ್ನು ನಿರ್ಮಲತೆಯ, ವಿಧೇಯತೆಯ, ಪ್ರಾರ್ಥನಾಶೀಲತೆಯ ಮಾದರಿಯೆಂದು ಮಕ್ಕಳಿಗೆ ತೋರಿಸುವುದುಂಟು. ಅದೆಲ್ಲವೂ ನಿಜವೇ. ಆದರೆ ಆ ಬದುಕಿನ ನಡುವೆ ಒಂದು ನೋವಿನ ಸಂಗತಿಯಿದೆ. ಲಾರಾ ತನ್ನ ತಾಯಿ ಹೊಡೆತ ತಿನ್ನುವುದನ್ನು ಕಂಡ ಮಗು. ಅದೇ ಕೈಯಿಂದ ತಾನೂ ಹೊಡೆತ ತಿಂದ ಮಗು. ಮನೆಯಲ್ಲಿ ಸಿಗದ ನೆಮ್ಮದಿಯನ್ನು ಧರ್ಮಭಗಿನಿಯರ ಸೂರಿನಡಿ ಪಡೆದ ಮಗು. ಮನೆಯೊಳಗಿನ ಹಿಂಸೆಯಿಂದ ತಾಯಂದಿರೊಡನೆ ಆಸರೆಯ ಮನೆಗಳಿಗೆ ಬಂದು ಸೇರುವ ಮಕ್ಕಳು ನಮ್ಮ ನಾಡಿನಲ್ಲಿಯೂ ಇರುವುದರಿಂದ, ಈ ಜೀವನಚರಿತ್ರೆಯನ್ನು ಆ ದೃಷ್ಟಿಯಿಂದ ಮತ್ತೊಮ್ಮೆ ಓದುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಲಾರಾ ಹುಟ್ಟಿದ್ದು 1891ರ ಏಪ್ರಿಲ್ 5ರಂದು, ದಕ್ಷಿಣ ಅಮೆರಿಕದ ಚಿಲಿ ದೇಶದ ರಾಜಧಾನಿ ಸಾಂತಿಯಾಗೊ ನಗರದಲ್ಲಿ. ತಂದೆ ಹೊಸೆ ದೊಮಿಂಗೊ ವಿಕುನ್ಯಾ ಪ್ರತಿಷ್ಠಿತ ಮನೆತನದವರು, ಸೈನಿಕ ವೃತ್ತಿಯವರು. ತಾಯಿ ಮೆರ್ಸೆದಿಸ್ ಪಿನೊ ಸಾಮಾನ್ಯ ಕುಟುಂಬದ ಹೆಣ್ಣುಮಗಳು, ಹೊಲಿಗೆ ಬಲ್ಲವಳು. ಅದೇ ವರ್ಷ ಚಿಲಿಯಲ್ಲಿ ಅಂತರ್ಯುದ್ಧ ನಡೆದು ಅಧ್ಯಕ್ಷ ಬಾಲ್ಮಸೆದಾರ ಪಕ್ಷ ಸೋತಿತು. ಸೋತವರ ಕಡೆಗಿದ್ದ ವಿಕುನ್ಯಾ ಮನೆತನಕ್ಕೆ ರಾಜಧಾನಿಯಲ್ಲಿ ಉಳಿಗಾಲವಿಲ್ಲದಂತಾಯಿತು. ಎಳೆಯ ಕೂಸನ್ನು ಎತ್ತಿಕೊಂಡು ದಂಪತಿಗಳು ದಕ್ಷಿಣದ ತೆಮುಕೊ ಊರಿಗೆ ವಲಸೆ ಹೋದರು. ಅಲ್ಲಿ 1894ರಲ್ಲಿ ತಂಗಿ ಜೂಲಿಯಾ ಅಮಾಂದಿನಾ ಹುಟ್ಟಿದಳು. ಲಾರಾ ತೀರಾ ಎಳೆಯವಳಾಗಿದ್ದಾಗಲೇ ತಂದೆ ತೀರಿಕೊಂಡರು. ಗಂಡನ ಮನೆಯವರ ಆಸರೆಯಾಗಲಿ, ತವರಿನ ಬಲವಾಗಲಿ ಇಲ್ಲದ ಮೆರ್ಸೆದಿಸ್ ಸೂಜಿ ದಾರವನ್ನೇ ನಂಬಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕತೊಡಗಿದಳು.

ಹೊಲಿಗೆಯ ಆದಾಯ ಮೂರು ಹೊಟ್ಟೆಗಳಿಗೆ ಸಾಲದೆ 1899ರ ವೇಳೆಗೆ ಆಕೆ ಆಂಡಿಸ್ ಪರ್ವತಗಳನ್ನು ದಾಟಿ, ಅರ್ಜೆಂಟೀನಾ ದೇಶದ ನೆವುಕೆನ್ ಪ್ರಾಂತ್ಯಕ್ಕೆ ಬಂದಳು. ಅದು ಆಗಷ್ಟೇ ಜನವಸತಿ ಬೆಳೆಯುತ್ತಿದ್ದ ಗಡಿನಾಡು. ದೊಡ್ಡ ದೊಡ್ಡ ಪಶುಪಾಲನೆಯ ಜಮೀನುಗಳು, ಅವುಗಳ ಒಡೆಯರು, ಅವರ ಆಳುಗಳು; ನ್ಯಾಯಾಲಯ, ಪೊಲೀಸು ಎಲ್ಲವೂ ದೂರ. ಅಂತಹ ಒಡೆಯರಲ್ಲಿ ಒಬ್ಬ ಕಿಲ್ಕಿಹುಯೆ ಎಂಬಲ್ಲಿನ ಮಾನುಯೆಲ್ ಮೋರಾ. ಉದ್ಯೋಗ ಅರಸಿ ಬಂದ ವಿಧವೆಗೆ ಆತ ಕೆಲಸ ಕೊಟ್ಟ. ಮಕ್ಕಳ ವಿದ್ಯಾಭ್ಯಾಸದ ಖರ್ಚನ್ನೂ ವಹಿಸಿಕೊಂಡ. ಅದಕ್ಕೆ ಪ್ರತಿಯಾಗಿ, ವಿವಾಹ ಸಂಸ್ಕಾರವಿಲ್ಲದೆ ತನ್ನೊಡನೆ ಬಾಳಬೇಕೆಂದು ಬಯಸಿದ. ಮೆರ್ಸೆದಿಸ್ ಒಪ್ಪಿದಳು. ಕೈಯಲ್ಲಿ ಕಾಸಿಲ್ಲದ, ಪರದೇಶದಲ್ಲಿ ಗುರುತಿನವರಿಲ್ಲದ, ಎರಡು ಮಕ್ಕಳ ತಾಯಿಯ ಆ ಒಪ್ಪಿಗೆಯಲ್ಲಿ ಸ್ವಾತಂತ್ರ್ಯ ಎಷ್ಟಿತ್ತು ಎಂಬುದನ್ನು ನಾವು ಮುಂದೆ ವಿಚಾರಿಸೋಣ.

ಹುನಿನ್ ದೆ ಲೋಸ್ ಆಂದೆಸ್ ಎಂಬ ಚಿಕ್ಕ ಊರಿನಲ್ಲಿ ಕ್ರೈಸ್ತರ ಸಹಾಯಮಾತೆಯ ಪುತ್ರಿಯರೆಂಬ ಸಲೇಶಿಯನ್ ಧರ್ಮಭಗಿನಿಯರು 1899ರಲ್ಲಿ ಹೆಣ್ಣುಮಕ್ಕಳ ಶಾಲೆಯೊಂದನ್ನು ತೆರೆದಿದ್ದರು. ಡಾನ್ ಬಾಸ್ಕೊ ಮತ್ತು ಸಂತ ಮರಿಯ ಮಜ್ಜರೆಲ್ಲೊ 1872ರಲ್ಲಿ ಸ್ಥಾಪಿಸಿದ ಈ ಸಭೆಯ ಭಗಿನಿಯರೇ 1922ರಲ್ಲಿ ತಂಜಾವೂರಿಗೆ ಬಂದು ಭಾರತದಲ್ಲಿ ತಮ್ಮ ಸೇವೆಯನ್ನು ಆರಂಭಿಸಿದರು. 1900ರ ಜನವರಿಯಲ್ಲಿ ಲಾರಾ ಮತ್ತು ಜೂಲಿಯಾ ಆ ಶಾಲೆಯ ವಿದ್ಯಾರ್ಥಿನಿಲಯ ಸೇರಿದರು. ಶಾಲೆಯೆಂದರೆ ಭವ್ಯ ಕಟ್ಟಡವಲ್ಲ. ಬಡ ಮಿಶನ್ನಿನ ಸರಳ ಮನೆ. ಚಳಿ ಕಠೋರ, ಊಟ ಸಾಧಾರಣ. ಆದರೂ ಅಲ್ಲಿ ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುತ್ತಿತ್ತು. ಪಾಠ, ಪ್ರಾರ್ಥನೆ, ಆಟ, ಹೊಲಿಗೆ ಎಲ್ಲಕ್ಕೂ ಒಂದೊಂದು ಸಮಯವಿತ್ತು. ಯಾರೂ ಕಾರಣವಿಲ್ಲದೆ ಕೈಯೆತ್ತುತ್ತಿರಲಿಲ್ಲ. ಮುಂದೇನಾಗುವುದೋ ಎಂದು ಪ್ರತಿ ಸಂಜೆ ನಡುಗುವ ಮಗುವಿಗೆ, ನಾಳೆಯೂ ಇಂದಿನಂತೆಯೇ ಇರುತ್ತದೆ ಎಂಬ ಭರವಸೆಯೇ ದೊಡ್ಡ ಔಷಧ. ಲಾರಾ ಅಲ್ಲಿ ಅರಳಿದಳು.

ಆದರೆ ಆ ಅರಳುವಿಕೆಯ ನಡುವೆಯೇ ಒಂದು ಆಘಾತ ಕಾದಿತ್ತು. ಒಂದು ದಿನ ತರಗತಿಯಲ್ಲಿ ಭಗಿನಿಯೊಬ್ಬರು ವಿವಾಹ ಸಂಸ್ಕಾರವನ್ನು ಕುರಿತು ಬೋಧಿಸುತ್ತಿದ್ದರು. ವಿವಾಹವಿಲ್ಲದೆ ಜೊತೆಯಾಗಿ ಬಾಳುವುದು ಪಾಪವೆಂದು ವಿವರಿಸಿದಾಗ ಲಾರಾ ಮೂರ್ಛೆ ಹೋದಳು. ತನ್ನ ತಾಯಿಯ ಸ್ಥಿತಿ ಆ ಮಗುವಿಗೆ ಅರ್ಥವಾದ ಕ್ಷಣವದು. ಅಂದಿನಿಂದ ತಾಯಿಯ ಆತ್ಮರಕ್ಷಣೆಯ ಚಿಂತೆ ಅವಳನ್ನು ಬಿಡಲಿಲ್ಲ. 1901ರ ಜೂನ್ 2ರಂದು ಅವಳು ಪ್ರಥಮ ಪರಮಪ್ರಸಾದ ಸ್ವೀಕರಿಸಿದಳು. ತಾಯಿ ಆ ಸಂಭ್ರಮಕ್ಕೆ ಬಂದಿದ್ದಳು. ಆದರೆ ತಾನು ಪರಮಪ್ರಸಾದ ಸ್ವೀಕರಿಸಲಿಲ್ಲ. ಮಗಳ ಆನಂದದ ದಿನ ಹೀಗೆ ವ್ಯಥೆಯ ದಿನವೂ ಆಯಿತು.

ವರ್ಷದ ಕೊನೆಯಲ್ಲಿ ಶಾಲೆಗೆ ದೀರ್ಘ ರಜೆ. ವಿದ್ಯಾರ್ಥಿನಿಯರೆಲ್ಲ ಮನೆಗೆ ಹೋಗಬೇಕು. ಇತರ ಮಕ್ಕಳಿಗೆ ರಜೆಯೆಂದರೆ ಹಬ್ಬ. ಲಾರಾಳಿಗೆ ಅದು ಭಯದ ಕಾಲ. ಅವಳು ಬೆಳೆಯುತ್ತ ಬಂದಂತೆ ಮೋರಾನ ದೃಷ್ಟಿ ಅವಳ ಮೇಲೂ ಬಿದ್ದಿತು. ಅವನ ದುರುದ್ದೇಶವನ್ನು ತಿಳಿದ ಹುಡುಗಿ ಅವನಿಂದ ದೂರವೇ ಉಳಿಯಲು ಯತ್ನಿಸಿದಳು. ಒಂದು ರಜೆಯಲ್ಲಿ, ಜಮೀನಿನ ವಾರ್ಷಿಕ ಔತಣದ ರಾತ್ರಿ, ಎಲ್ಲರೆದುರು ತನ್ನೊಡನೆ ನರ್ತಿಸಬೇಕೆಂದು ಆತ ಆಜ್ಞಾಪಿಸಿದ. ಲಾರಾ ಒಪ್ಪಲಿಲ್ಲ. ತಾಯಿ ಹೆದರಿ, ಈ ಒಂದು ಸಲ ಒಪ್ಪಿಕೊಳ್ಳುವಂತೆ ಮಗಳನ್ನು ಬೇಡಿದಳು. ಆಗಲೂ ಒಪ್ಪಲಿಲ್ಲ. ಕೆರಳಿದ ಮೋರಾ ಹುಡುಗಿಯನ್ನು ಕತ್ತಲಿಗೆ ತಳ್ಳಿದ. ಅನಂತರ ತನ್ನ ಕೋಪವನ್ನೆಲ್ಲ ತಾಯಿಯ ಮೇಲೆ ತೀರಿಸಿದ. ಕುದುರೆ ಕಟ್ಟುವ ಕಂಬಕ್ಕೆ ಆಕೆಯನ್ನು ಕಟ್ಟಿ ಹೊಡೆದನೆಂದು ಲಾರಾಳ ಚರಿತ್ರೆಕಾರರು ಬರೆದಿದ್ದಾರೆ.

ಮಕ್ಕಳ ಶಾಲೆಯ ಶುಲ್ಕವನ್ನೂ ಆತ ನಿಲ್ಲಿಸಿದ. ಹಿಂಸಿಸುವವರು ಕೈಯಿಂದ ಮಾತ್ರ ಹೊಡೆಯುವುದಿಲ್ಲ. ಹಣದ ಚೀಲದ ಬಾಯಿ ಬಿಗಿಯುವುದೂ ಒಂದು ಹೊಡೆತವೇ. ಶುಲ್ಕವಿಲ್ಲದಿದ್ದರೆ ಮಗು ಮನೆಗೆ ಮರಳಲೇಬೇಕು, ಮರಳಿದರೆ ತನ್ನ ಹಿಡಿತದಲ್ಲಿರುತ್ತಾಳೆ ಎಂಬುದು ಆ ಲೆಕ್ಕಾಚಾರ. ಆದರೆ ಶಾಲೆಯ ಮುಖ್ಯಸ್ಥೆ ಭಗಿನಿ ಆಂಜೆಲಾ ಪಿಯಾಯ್ ಲಾರಾಳನ್ನು ಶುಲ್ಕವಿಲ್ಲದೆಯೇ ಉಳಿಸಿಕೊಂಡರು. ಈ ಜೀವನದಲ್ಲಿ ನಾವು ಸಾಮಾನ್ಯವಾಗಿ ಗಮನಿಸದೆ ದಾಟಿಹೋಗುವ ಸಂಗತಿಯಿದು. ದರ್ಶನವಾಗಲಿ ಪವಾಡವಾಗಲಿ ಇಲ್ಲಿಲ್ಲ. ಲೆಕ್ಕಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಹಣ ಬರೆಯದೆ ಬಿಟ್ಟದ್ದಷ್ಟೇ. ಆ ಒಂದು ನಿರ್ಧಾರ ಮಗುವೊಂದನ್ನು ಹಿಂಸೆಯ ಮನೆಯಿಂದ ದೂರವಿಟ್ಟಿತು. ಲಾರಾ ಕೃತಜ್ಞತೆಯಿಂದ ಚಿಕ್ಕ ಮಕ್ಕಳ ಆರೈಕೆಗೆ ನಿಂತಳು. ಅವರ ತಲೆ ಬಾಚಿದಳು, ಬಟ್ಟೆ ಹೊಲಿದುಕೊಟ್ಟಳು, ಅಳುವವರನ್ನು ಸಂತೈಸಿದಳು.

1902ರ ಮಾರ್ಚ್ 29ರಂದು ಧರ್ಮಾಧ್ಯಕ್ಷ ಜಾನ್ ಕಲಿಯೆರೊ ಅವರಿಂದ ಲಾರಾ ದೃಢೀಕರಣ ಸಂಸ್ಕಾರ ಪಡೆದಳು. ತಾನೂ ಧರ್ಮಭಗಿನಿಯಾಗಬೇಕೆಂಬ ಹಂಬಲವನ್ನು ತಿಳಿಸಿದಳು. ಆದರೆ ತಾಯಿಯ ಅಕ್ರಮ ಸಹಬಾಳ್ವೆಯ ಕಾರಣದಿಂದ ಅವಳನ್ನು ಸೇರಿಸಿಕೊಳ್ಳಲಾಗಲಿಲ್ಲ. ಆ ಕಾಲದ ನಿಯಮ ಹಾಗಿತ್ತು. ದೊಡ್ಡವರ ತಪ್ಪಿನ ಭಾರ ಮಗುವಿನ ಹೆಗಲಿಗೆ ಬಿದ್ದದ್ದನ್ನು ಇಂದು ಓದುವಾಗ ಮನಸ್ಸು ನೋಯುತ್ತದೆ. ಆಕೆಯ ಆತ್ಮಗುರು ಫಾದರ್ ಅಗಸ್ಟೊ ಕ್ರೆಸ್ತನೆಲ್ಲೊ ಅವಳ ದುಃಖವನ್ನು ಬಲ್ಲವರಾಗಿದ್ದರು. ಕುರಿಗಳಿಗಾಗಿ ಪ್ರಾಣವನ್ನು ಕೊಡುವ ಒಳ್ಳೆಯ ಕುರುಬನ ಶುಭಸಂದೇಶ ಲಾರಾಳ ಮನಸ್ಸನ್ನು ನಾಟಿತು. ತಾಯಿಯ ಮನಪರಿವರ್ತನೆಗಾಗಿ ತನ್ನ ಜೀವವನ್ನೇ ದೇವರಿಗೆ ಅರ್ಪಿಸಲು ಅವಳು ಗುರುಗಳ ಅನುಮತಿ ಬೇಡಿದಳು. ಬಹಳ ಹಿಂಜರಿದ ಬಳಿಕ ಅವರು ಅನುಮತಿಸಿದರು.

1903ರ ಚಳಿಗಾಲದಲ್ಲಿ ಚಿಮೆಹುಯಿನ್ ನದಿ ಉಕ್ಕಿ ಹರಿದು ಶಾಲೆಯೊಳಗೆ ನೀರು ನುಗ್ಗಿತು. ಆ ಚಳಿ ನೀರಿನ ದಿನಗಳ ಬಳಿಕ ಲಾರಾಳ ಆರೋಗ್ಯ ಕುಸಿಯುತ್ತ ಹೋಯಿತು. ಸೆಪ್ಟೆಂಬರಿನಲ್ಲಿ ತಾಯಿ ಅವಳನ್ನು ಕಿಲ್ಕಿಹುಯೆಗೆ ಕರೆದೊಯ್ದಳು, ಗುಣವಾಗಲಿಲ್ಲ. ನವೆಂಬರಿನಲ್ಲಿ ಮತ್ತೆ ಹುನಿನ್‌ಗೆ ಕರೆತಂದು ಶಾಲೆಯ ಬಳಿ ಚಿಕ್ಕ ಮನೆಯೊಂದನ್ನು ಬಾಡಿಗೆಗೆ ಹಿಡಿದು ಮಗಳ ಶುಶ್ರೂಷೆಗೆ ನಿಂತಳು. 1904ರ ಜನವರಿ ಮಧ್ಯದಲ್ಲಿ ಮೋರಾ ಆ ಮನೆಗೂ ಬಂದ. ರಾತ್ರಿ ಅಲ್ಲಿಯೇ ತಂಗುವುದಾಗಿ ಹಟ ಹಿಡಿದ. ಆತ ಉಳಿಯುವುದಾದರೆ ತಾನು ಭಗಿನಿಯರ ಮನೆಗೆ ಹೋಗುವೆನೆಂದು ಹೇಳಿ, ಏಳಲೂ ಶಕ್ತಿಯಿಲ್ಲದ ಹುಡುಗಿ ಬೀದಿಗೆ ನಡೆದಳು. ಆತ ಬೆನ್ನಟ್ಟಿ ಹಿಡಿದು ಬೀದಿಯಲ್ಲೇ ಅವಳನ್ನು ಥಳಿಸಿದ. ಊರವರು ಹೊರಬಂದುದನ್ನು ಕಂಡು ಕುದುರೆಯೇರಿ ಹೋದ.

ಒಂದು ವಾರದ ಬಳಿಕ, ಜನವರಿ 22ರ ಸಂಜೆ ಲಾರಾ ಕಣ್ಣು ಮುಚ್ಚಿದಳು. ಸಾಯುವ ಮುನ್ನ, ತಾನು ತಾಯಿಗಾಗಿ ಜೀವವನ್ನು ಅರ್ಪಿಸಿರುವ ಗುಟ್ಟನ್ನು ಆಕೆಗೆ ತಿಳಿಸಿದಳು. ಪಶ್ಚಾತ್ತಾಪಪಡುವ ಮಾತನ್ನು ಕೇಳಿ ಪಡೆದಳು. ಮೆರ್ಸೆದಿಸ್ ಪಾಪನಿವೇದನೆ ಮಾಡಿ, ಮಗಳ ಅಂತ್ಯವಿಧಿಯ ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸಿದಳು. ಮೋರಾ ಬೆದರಿಸಿದರೂ ಆತನ ಬಳಿಗೆ ಮರಳಲಿಲ್ಲ. ಆ ಪ್ರದೇಶವನ್ನೇ ತೊರೆದು ಚಿಲಿಯ ಹಾದಿ ಹಿಡಿದಳು. ಕೊಟ್ಟ ಮಾತನ್ನು ಕೊನೆಯತನಕ ಉಳಿಸಿಕೊಂಡಳು.

ಫಾದರ್ ಕ್ರೆಸ್ತನೆಲ್ಲೊ 1911ರಲ್ಲಿ ಲಾರಾಳ ಮೊದಲ ಜೀವನಚರಿತ್ರೆಯನ್ನು ಪ್ರಕಟಿಸಿದರು. ಜಗದ್ಗುರು ದ್ವಿತೀಯ ಜಾನ್ ಪಾಲ್‌ರವರು 1988ರ ಸೆಪ್ಟೆಂಬರ್ 3ರಂದು, ಡಾನ್ ಬಾಸ್ಕೊ ನಿಧನದ ಶತಮಾನೋತ್ಸವದ ವರ್ಷದಲ್ಲಿ, ಅವರ ಹುಟ್ಟೂರಿನ ಬೆಟ್ಟದ ಮೇಲೆ ಆಕೆಯನ್ನು ಪುನೀತೆಯೆಂದು ಘೋಷಿಸಿದರು. ಅವಳ ಪಾರ್ಥಿವ ಶರೀರದ ಅವಶೇಷಗಳು ಇಂದು ಅರ್ಜೆಂಟೀನಾದ ಬಾಹಿಯಾ ಬ್ಲಾಂಕಾ ನಗರದಲ್ಲಿವೆ. ದೌರ್ಜನ್ಯಕ್ಕೊಳಗಾದವರ ಪಾಲಕಿಯೆಂದು ಲೋಕದ ಅನೇಕ ಕಡೆ ಅವಳ ಮಧ್ಯಸ್ಥಿಕೆಯನ್ನು ಕೋರುತ್ತಾರೆ.

ಇಲ್ಲಿಗೆ ಚರಿತ್ರೆ ಮುಗಿಯುತ್ತದೆ, ವಿಚಾರ ಆರಂಭವಾಗುತ್ತದೆ. ಲಾರಾಳ ಅರ್ಪಣೆಯನ್ನು ನಾವು ಹೇಗೆ ಅರ್ಥೈಸಬೇಕು? ತಾಯಿಯ ಉದ್ಧಾರಕ್ಕಾಗಿ ಮಕ್ಕಳು ಸಾಯಬೇಕೆಂದು ದೇವರು ಬಯಸುತ್ತಾನೆಯೇ? ಖಂಡಿತ ಇಲ್ಲ. ಪ್ರೀತಿಯ ಪರಾಕಾಷ್ಠೆಯಾದ ತ್ಯಾಗವನ್ನು ಒಬ್ಬ ವ್ಯಕ್ತಿ ತಾನಾಗಿ ಕೊಡಬಹುದು. ಇನ್ನೊಬ್ಬರು ಅದನ್ನು ಕೇಳುವಂತಿಲ್ಲ. ಕರ್ತವ್ಯಕ್ಕೂ ಕರ್ತವ್ಯವನ್ನು ಮೀರಿದ ತ್ಯಾಗಕ್ಕೂ ಇರುವ ಈ ಭೇದವನ್ನು ನೀತಿಶಾಸ್ತ್ರ ಬಹಳ ಹಿಂದೆಯೇ ಗುರುತಿಸಿದೆ. ಲಾರಾಳಲ್ಲಿ ಧರ್ಮಸಭೆ ಗೌರವಿಸುವುದು ಅವಳ ಪ್ರೀತಿಯನ್ನು. ಅವಳು ಹೊತ್ತ ಭಾರವಾದರೋ ಅವಳ ವಯಸ್ಸಿನ ಯಾವ ಮಗುವಿನ ಮೇಲೂ ಬೀಳಬಾರದಾಗಿತ್ತು. ಜಗಳದ ಮನೆಯ ಮಕ್ಕಳು ಎಲ್ಲದಕ್ಕೂ ತಾವೇ ಕಾರಣವೆಂದೂ, ತಾವು ಇನ್ನಷ್ಟು ಒಳ್ಳೆಯವರಾದರೆ ಎಲ್ಲವೂ ಸರಿಹೋಗುವುದೆಂದೂ ಭಾವಿಸುವುದುಂಟು. ಅಂತಹ ಮಗುವಿಗೆ ಲಾರಾಳಂತೆ ತ್ಯಾಗ ಮಾಡೆಂದು ಬೋಧಿಸುವುದು ಗಾಯದ ಮೇಲೆ ಬರೆ ಎಳೆದಂತೆ. ಇದು ನಿನ್ನ ತಪ್ಪಲ್ಲ, ಇದನ್ನು ಸರಿಪಡಿಸುವ ಹೊಣೆಯೂ ನಿನ್ನದಲ್ಲ ಎಂದು ತಿಳಿಹೇಳುವುದೇ ಅದಕ್ಕೆ ಬೇಕಾದ ಶುಭಸಂದೇಶ.

ತಾಯಿಯ ವಿಷಯದಲ್ಲಿಯೂ ನ್ಯಾಯವಾಗಿ ಯೋಚಿಸಬೇಕು. ಭಯ, ಬಲವಂತಗಳು ಮನುಷ್ಯನ ಕೃತ್ಯದ ಹೊಣೆಗಾರಿಕೆಯನ್ನು ಕುಗ್ಗಿಸಬಲ್ಲವು, ಕೆಲವೊಮ್ಮೆ ಇಲ್ಲವಾಗಿಸಲೂ ಬಲ್ಲವು ಎಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ತಿಳಿಸುತ್ತದೆ. ಮೆರ್ಸೆದಿಸ್ ಬೇಗನೆ ಆ ಮನೆಯನ್ನು ಬಿಡಲಿಲ್ಲವೇಕೆ ಎಂದು ಕೇಳುವವರು, ಬಿಟ್ಟು ಎಲ್ಲಿಗೆ ಹೋಗಬೇಕಿತ್ತು ಎಂದೂ ಕೇಳಬೇಕು. ಶಾಲೆಯಲ್ಲಿ ಮಕ್ಕಳಿಗೆ ಜಾಗವಿತ್ತು. ತಾಯಿಗೆ ಎಲ್ಲಿಯೂ ಇರಲಿಲ್ಲ. ತಾಯಿಗೂ ಮಕ್ಕಳಿಗೂ ಒಟ್ಟಿಗೆ ಆಸರೆ ನೀಡುವ ಮನೆಯೊಂದು ಆ ಕಣಿವೆಯಲ್ಲಿ ಇದ್ದಿದ್ದರೆ ಈ ಕಥೆ ಬೇರೆಯೇ ಆಗುತ್ತಿತ್ತೇನೋ.

ಇಂದು ನಮ್ಮ ದೇಶದಲ್ಲಿ ಅಂತಹ ಮನೆಗಳಿಗೆ ಕಾನೂನಿನ ಬೆಂಬಲವಿದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ 2005ರಲ್ಲಿ ಅಂಗೀಕಾರವಾಗಿ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಆಸರೆ ಕೋರಿದ ಮಹಿಳೆಗೆ ಆಶ್ರಯಗೃಹ ಜಾಗ ಕೊಡಬೇಕೆಂದು ಅದು ವಿಧಿಸುತ್ತದೆ. ಮಕ್ಕಳ ತಾತ್ಕಾಲಿಕ ಪಾಲನೆಯನ್ನು ತಾಯಿಗೆ ಒಪ್ಪಿಸಲು ನ್ಯಾಯಾಧೀಶರಿಗೆ ಅಧಿಕಾರ ಕೊಡುತ್ತದೆ. ವಿವಾಹದಂತಹ ಸಂಬಂಧದಲ್ಲಿ ಬಾಳುತ್ತಿರುವ ಹೆಣ್ಣಿಗೂ, ಮಲಮಕ್ಕಳಿಗೂ ಅದರ ರಕ್ಷಣೆಯುಂಟು. ಮಹಿಳೆಯರಿಗಾಗಿ 181, ಮಕ್ಕಳಿಗಾಗಿ 1098 ಎಂಬ ದೂರವಾಣಿ ಸಂಖ್ಯೆಗಳಿವೆ. ನಮ್ಮ ಪ್ರತಿಯೊಂದು ದೇವಾಲಯದ ಸೂಚನಾ ಫಲಕದಲ್ಲಿ ಬಲಿಪೂಜೆಯ ವೇಳಾಪಟ್ಟಿಯ ಪಕ್ಕದಲ್ಲಿಯೇ ಇವೆರಡು ಸಂಖ್ಯೆಗಳೂ ಇರತಕ್ಕದ್ದು.

ವಿವಾಹ ಅಳಿಸಲಾಗದ ಬಂಧವಾದ್ದರಿಂದ ಎಷ್ಟೇ ಹೊಡೆತ ಬಿದ್ದರೂ ಸಹಿಸಿಕೊಂಡಿರಬೇಕೆಂಬ ನಂಬಿಕೆ ನಮ್ಮ ಕೆಲವು ಕುಟುಂಬಗಳಲ್ಲಿ ಇನ್ನೂ ಇದೆ. ಇದು ಧರ್ಮಸಭೆಯ ಬೋಧನೆಯಲ್ಲ. 1983ರ ಧರ್ಮಸಭಾ ಕಾನೂನಿನ 1153ನೆಯ ವಿಧಿಯ ಪ್ರಕಾರ, ಸಂಗಾತಿಗಾಗಲಿ ಮಕ್ಕಳಿಗಾಗಲಿ ಗಂಭೀರ ಅಪಾಯ ಒಡ್ಡುವ ವ್ಯಕ್ತಿಯಿಂದ ದೂರವಾಗಿ ಬಾಳಲು ನ್ಯಾಯಸಮ್ಮತ ಕಾರಣವಿದೆ. ತಡಮಾಡಿದರೆ ಅಪಾಯವಿದ್ದಲ್ಲಿ ಅನುಮತಿಗಾಗಿ ಕಾಯಬೇಕಾಗಿಯೂ ಇಲ್ಲ. ಮಕ್ಕಳ ಅಪಾಯವನ್ನು ಆ ವಿಧಿ ಬೇರೆಯಾಗಿಯೇ ಹೆಸರಿಸಿರುವುದನ್ನು ಗಮನಿಸಬೇಕು. ಮಕ್ಕಳಿಗಾಗಿ ಸಹಿಸಿಕೊಂಡಿರು ಎಂದು ಹಿರಿಯರು ಬುದ್ಧಿ ಹೇಳುವುದುಂಟು. ಮಕ್ಕಳಿಗಾಗಿಯೇ ಹೊರಬರಬೇಕಾದ ಸಂದರ್ಭಗಳೂ ಇವೆ.

ಆಸರೆಯ ಮನೆಗೆ ಬಂದ ಮಗುವಿಗೆ ನಾವು ಏನು ಮಾಡಬಲ್ಲೆವು? ಆ ಮಗು ತನ್ನ ಶಾಲೆ, ಗೆಳೆಯರು, ಪುಸ್ತಕ, ಸಾಕಿದ ನಾಯಿ, ಮಲಗುತ್ತಿದ್ದ ಮೂಲೆ ಎಲ್ಲವನ್ನೂ ಒಂದೇ ರಾತ್ರಿಯಲ್ಲಿ ಕಳೆದುಕೊಂಡಿರುತ್ತದೆ. ಹಿಂಸಿಸಿದ ತಂದೆಯ ಮೇಲೂ ಅದಕ್ಕೆ ಪ್ರೀತಿ ಉಳಿದಿರಬಹುದು. ಆ ಪ್ರೀತಿಗಾಗಿ ಅದನ್ನು ಗದರಿಸಬಾರದು. ಮೊದಲು ಬೇಕಾದುದು ಶಾಲೆ. ನಮ್ಮ ಶಾಲೆಗಳ ವ್ಯವಸ್ಥಾಪಕರು ವರ್ಷದ ನಡುವೆ ಬಂದ ಇಂತಹ ಮಗುವನ್ನು ದಾಖಲೆಗಳಿಗಾಗಿ ಅಲೆದಾಡಿಸದೆ ಸೇರಿಸಿಕೊಳ್ಳಬೇಕು. ಭಗಿನಿ ಆಂಜೆಲಾ ಮಾಡಿದಂತೆ ಶುಲ್ಕವನ್ನು ಬಿಡುವುದಾದರೆ ಅದನ್ನು ಸಾರಿ ಹೇಳದೆ ಬಿಡಬೇಕು. ಎರಡನೆಯದು ಮೌನ. ಮಗು ಎಲ್ಲಿ ವಾಸಿಸುತ್ತಿದೆ ಎಂಬುದನ್ನು ಯಾರಿಗೂ, ಬಂಧುಗಳಿಗೂ, ಹೇಳಕೂಡದು. ಬೆನ್ನಟ್ಟಿ ಬರುವವರಿರುತ್ತಾರೆಂಬುದನ್ನು ಹುನಿನ್‌ನ ಬೀದಿ ನಮಗೆ ಕಲಿಸಿದೆ. ಮೂರನೆಯದು ಕಿವಿ. ಕೆದಕಿ ಕೇಳದೆ, ಮಗು ತಾನಾಗಿ ಹೇಳಿದಾಗ ನಂಬಿ ಆಲಿಸುವ ಹಿರಿಯರೊಬ್ಬರು ಬೇಕು. ನಾಲ್ಕನೆಯದು ಆಟ. ಹಬ್ಬದ ದಿನ ಹಣ್ಣು ಹಂಚಿ ಫೋಟೊ ತೆಗೆಸಿಕೊಂಡು ಬರುವುದಕ್ಕಿಂತ, ಪ್ರತಿ ಶನಿವಾರ ತಪ್ಪದೆ ಹೋಗಿ ಪಾಠ ಹೇಳಿಕೊಟ್ಟು ಒಂದು ಗಂಟೆ ಆಡಿಸಿ ಬರುವ ಯುವಕ ಯುವತಿಯರ ಸೇವೆ ಹೆಚ್ಚಿನದು. ಮಹಿಳಾ ಆಶ್ರಯಗೃಹಗಳಲ್ಲಿ ಸಾಮಾನ್ಯವಾಗಿ ನಿಗದಿತ ವಯಸ್ಸು ದಾಟಿದ ಗಂಡುಮಕ್ಕಳಿಗೆ ಅವಕಾಶವಿರುವುದಿಲ್ಲ. ಅವರು ತಾಯಿಯಿಂದ ಅಗಲಿ ಬೇರೆ ನಿಲಯ ಸೇರಬೇಕಾಗುತ್ತದೆ. ಅಂತಹ ಬಾಲಕರನ್ನು ತಾಯಿಯ ಭೇಟಿಗೆ ಕರೆದೊಯ್ಯುವುದೂ ಒಂದು ಪುಣ್ಯಕಾರ್ಯವೇ.

ವಿದ್ಯಾರ್ಥಿನಿಲಯಗಳನ್ನು ನಡೆಸುವ ಭಗಿನಿಯರಿಗೂ ಗುರುಗಳಿಗೂ ನಾವು ವಿಶೇಷವಾಗಿ ನೆನಪಿಸಬಯಸುವುದು ರಜೆಯ ವಿಷಯ. ಲಾರಾ ಶಾಲೆಯಲ್ಲಿ ಸುರಕ್ಷಿತಳಾಗಿದ್ದಳು. ಅವಳ ಆಪತ್ತು ರಜೆಯಲ್ಲಿತ್ತು. ಮನೆಗೆ ಹೋಗುವ ದಿನ ಹತ್ತಿರವಾದಂತೆ ಮೌನವಾಗುವ, ಊಟ ಬಿಡುವ, ಕಾಯಿಲೆ ಬೀಳುವ ಮಗುವನ್ನು ಗಮನಿಸಬೇಕು. ಯಾವ ತೊಂದರೆಯನ್ನೂ ಕೊಡದ, ವಯಸ್ಸಿಗೆ ಮೀರಿ ಗಂಭೀರವಾದ, ಸದಾ ಇತರರನ್ನೇ ಸಂತೈಸುವ ಮಗುವನ್ನೂ ಗಮನಿಸಬೇಕು. ಅಂತಹ ಒಳ್ಳೆಯತನವನ್ನು ಹೊಗಳುವ ಮೊದಲು, ಅದರ ಹಿಂದೆ ಏನಿದೆಯೆಂದು ಅರಿಯುವುದು ಹಿರಿಯರ ಧರ್ಮ.

ಪ್ರಾರ್ಥನಾ ಕಾರ್ಡುಗಳಲ್ಲಿ ನಾವು ಕಾಣುವ ಲಾರಾ ಚಿತ್ರಕಾರನ ಕಲ್ಪನೆಯ ಸುಂದರ ಮುಖ. ಬಹುಕಾಲದ ಬಳಿಕ ಶಾಲೆಯ ಹಳೆಯ ಗುಂಪು ಛಾಯಾಚಿತ್ರವೊಂದರಲ್ಲಿ ಅವಳ ನಿಜವಾದ ಮುಖವನ್ನು ಗುರುತಿಸಲಾಯಿತು: ಇತರ ಹುಡುಗಿಯರ ನಡುವೆ ಸಾಲಿನಲ್ಲಿ ನಿಂತ ಸಾಧಾರಣ ಹುಡುಗಿ. ನಮ್ಮ ಧರ್ಮಕೇಂದ್ರಗಳ ಶಾಲೆಗಳಲ್ಲಿಯೂ ಅಂತಹ ಸಾಲುಗಳಿವೆ. ಪುನೀತೆ ಲಾರಾಳ ಮಧ್ಯಸ್ಥಿಕೆಯನ್ನು ಬೇಡುವ ನಾವು ಆ ಸಾಲಿನಲ್ಲಿ ನಿಂತಿರುವ ಮಗುವನ್ನು ಗುರುತಿಸುವಂತಾಗಲಿ. ಅದಕ್ಕೂ ಅದರ ತಾಯಿಗೂ ಬಾಗಿಲು ತೆರೆಯುವಂತಾಗಲಿ.